ನನ್ನ ಬಳೆ ಕಾಯ್ದ ಅತ್ತೆ

ನನ್ನ ಅತ್ತೆಯ ಕಿವಿಗಳು ಭುಜಕ್ಕೆ ತಾಗುತ್ತಿದ್ದವು. ಎಳೆತನದಲ್ಲೇ ಚುಚ್ಚಿ, ಭಾರದ ಓಲೆ ಹಾಕಿ ಹಾಕಿ ಹಾಲೆಗಳು ಹಗ್ಗದ ಕುಣಿಕೆಯಂತೆ ಜೋತುಬಿದ್ದಿದ್ದವು. ಮಾವ ತೀರಿಕೊಂಡ ಮೇಲೆ ಓಲೆಗಳನ್ನು ತೆಗೆದಿಟ್ಟಿದ್ದರು. ನಡೆದಾಗಲೆಲ್ಲ ಬರಿಯ ಹಾಲೆಗಳು ತೂಗಾಡುತ್ತಿದ್ದವು. ಬಗ್ಗಿ ಮಾಡುವ ಕೆಲಸವಿದ್ದರೆ ಆ ಕುಣಿಕೆಗಳನ್ನು ಎತ್ತಿ ಕಿವಿಯ ಮೇಲಂಚಿಗೆ ಸಿಕ್ಕಿಸಿಕೊಳ್ಳುತ್ತಿದ್ದರು. ಮದುವೆಯಾಗಿ ಬಂದ ಹೊಸತರಲ್ಲಿ ಅದನ್ನು ಕಂಡು ನಾನು ಸೆರಗು ಬಾಯಿಗೆ ಒತ್ತಿ ನಕ್ಕಿದ್ದೆ. ಅವರು ಸಜ್ಜೆ ಬೀಸುವುದನ್ನು ನಿಲ್ಲಿಸದೆ, “ನಗು, ನಗು. ಮನೇಲಿ ನಗೋರು ಬೇಕು. ನಂಗೂ ನಿನ್ನ ಗಂಡಂಗೂ ಅದು ಬರಾಕಿಲ್ಲ” ಎಂದರು.

ನನಗೆ ಓದು ಬರಹ ಬಾರದು. ಇದನ್ನು ಬರೆದುಕೊಳ್ಳುತ್ತಿರುವವಳು ನನ್ನ ಮೊಮ್ಮಗಳು, ಮೈಸೂರಿನಲ್ಲಿ ಓದಿದವಳು. ಕಂಬಂ ಕಣಿವೆಯ ನಮ್ಮ ಮನೆಮಾತಿನಲ್ಲಿ ಅರ್ಧ ತಮಿಳೇ ಎಂದು ಅವಳು ನಗುತ್ತಾಳೆ. ನನ್ನ ಮಾತನ್ನು ಹೇಗೆ ಬೇಕಾದರೂ ತಿದ್ದಿಕೋ, ಅತ್ತೆಯ ಮಾತನ್ನು ಮಾತ್ರ ಮುಟ್ಟಬೇಡ ಎಂದಿದ್ದೇನೆ.

ನನ್ನ ಗಂಡ ಪಟಾಳಕ್ಕೆ ಸೇರಿದ್ದರು. ಗೂಡಲೂರಿನ ಘಾಟಿ ಹತ್ತಿ ಜನ ಅಣೆಕಟ್ಟು ಕಟ್ಟಲು ಹೋಗುತ್ತಿದ್ದ ಕಾಲ ಅದು. ಬೆಟ್ಟದ ಮೇಲೆ ಕಲ್ಲು ಹೊರುವುದಕ್ಕಿಂತ ಇದು ಮೇಲು ಎಂದು ಇವರು ಸಿಪಾಯಿಯಾದರು. ನಮ್ಮ ಮದುವೆಯಾದ ಮಾರನೆಯ ವರ್ಷ ಪಟಾಳವನ್ನು ಹಡಗು ಹತ್ತಿಸಿ ಬರ್ಮಾಕ್ಕೆ ಕಳಿಸಿದರು. ನಾನಾಗ ಬಸುರಿ. ಕಡಲಾಚೆಯ ಸೀಮೆಗೆ ನಮ್ಮ ಕಡೆ “ಅಕ್ಕರೆ” ಎನ್ನುತ್ತಾರೆ, ತಮಿಳಿನಲ್ಲಿ ಹಾಗೆಂದರೆ ಆ ದಡ. “ಗಂಡ ಅಕ್ಕರೆಗೆ ಹೋದನಂತೆ” ಎಂದು ಊರೆಲ್ಲ ಮಾತಾಡಿತು. ಮೈಸೂರಿನಲ್ಲಿ ಅಕ್ಕರೆ ಎಂದರೆ ಪ್ರೀತಿ ಎಂದು ಮೊಮ್ಮಗಳು ಹೇಳಿದಾಗ ನನಗೆ ನಂಬಿಕೆ ಬರಲಿಲ್ಲ.

ಗಂಡ ದೂರವಿರುವ ಹೆಂಗಸು ಹೂ ಮುಡಿಯಬಾರದು, ಬಾಗಿಲಲ್ಲಿ ನಿಲ್ಲಬಾರದು ಎಂದು ಕೇರಿಯ ಹೆಂಗಸರು ನನಗೆ ಬುದ್ಧಿ ಹೇಳಲು ಬಂದರು. ಅತ್ತೆ ಒಬ್ಬರಿಗೂ ಎದುರಾಡಲಿಲ್ಲ. ಅವತ್ತು ಸಂಜೆ ಹಿತ್ತಲಿನ ಕನಕಾಂಬರ ಬಿಡಿಸಿ ಬಾಳೆನಾರಿನಲ್ಲಿ ದಂಡೆ ಕಟ್ಟಿದರು. ವಿಧವೆಯಾದ ತಾವು ಮುಡಿಸುವಂತಿಲ್ಲವೆಂದು ಪಕ್ಕದ ಮನೆಯವಳನ್ನು ಕರೆದು, “ಇದನ್ನ ನಮ್ಮ ಪುಳ್ಳೆ ತಲೆಗೆ ಇಕ್ಕು ತಾಯಿ” ಎಂದರು. ಪುಳ್ಳೆ ಎಂದರೆ ಮಗಳು. ಅವತ್ತಿನಿಂದ ಅದು ದಿನದ ಕೆಲಸವೇ ಆಯಿತು. ಹೂವಿಲ್ಲದ ತಿಂಗಳಲ್ಲಿ ಮರುಗದ ಎಲೆಯನ್ನಾದರೂ ಕಟ್ಟುತ್ತಿದ್ದರು.

ಮಗನ ವಿಷಯದಲ್ಲಿ ಅವರು ಕಣ್ಣೀರು ಹಾಕಿದವರಲ್ಲ, ಬೈಯುತ್ತಿದ್ದರು. ಕೊಟ್ಟಿಗೆಯ ಗಳು ಜಾರಿದರೆ, “ಆ ಸೋಂಬೇರಿ ಕಟ್ಟಿದ್ದು, ಇನ್ನೆಂಗೆ ನಿಂತಾತು?” ಎನ್ನುವರು. ಸಜ್ಜೆಯ ಕೂಳು ಉಳಿದರೆ, “ಆ ಹೊಟ್ಟೆಬಾಕ ಇಲ್ದೆ ಗಡಿಗೆ ಕಾಲಿ ಆಗಾಕಿಲ್ಲ” ಎನ್ನುವರು. ಅವರ ಬೈಗುಳ ಕೇಳುತ್ತಿದ್ದರೆ ಇವರು ಇಲ್ಲೇ ಹೊಲದ ಕಡೆ ಹೋಗಿದ್ದಾರೆ, ಈಗ ಬರುತ್ತಾರೆ ಎಂಬಂತಿರುತ್ತಿತ್ತು. ಮಗ ಹುಟ್ಟಿ ಕೂರಲು ಕಲಿತ ಮೇಲೆ, “ನಿಮ್ಮಪ್ಪ ಎಲ್ಲವ್ನೆ?” ಎಂದು ಕೇಳಿ, ಸೂರ್ಯ ಹುಟ್ಟುವ ದಿಕ್ಕಿಗೆ ಬೆರಳು ತೋರಿಸುವುದನ್ನು ಕಲಿಸಿದರು.

ಮಗುವಿಗೆ ಇನ್ನೂ ನಡಿಗೆ ಬಂದಿರಲಿಲ್ಲ. ಒಂದು ಬೆಳಿಗ್ಗೆ ನನ್ನ ಚಿಕ್ಕಮಾವ, ಎಂದರೆ ತೀರಿಹೋದ ಮಾವನ ತಮ್ಮ, ತಲೆಯ ಮೇಲಿನ ಪಾಗು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಬಂದರು. ಹಿಂದೆ ಕುಲದ ನಾಲ್ಕಾರು ಮುದುಕಿಯರು.

“ಅತ್ತಿಗೆ, ಸೇದಿ ಒಳ್ಳೇದಲ್ಲ” ಎಂದರು ಚಿಕ್ಕಮಾವ. ಸೇದಿ ಎಂದರೆ ಸುದ್ದಿ. ಅದೇ ಪಟಾಳದ ಸಿಪಾಯಿಯೊಬ್ಬ ರಜದ ಮೇಲೆ ಬಂದವನು ಪೇಟೆಯಲ್ಲಿ ಹೇಳಿದನಂತೆ: ನನ್ನ ಗಂಡ ಬರ್ಮಾದ ಆಸ್ಪತ್ರೆಯಲ್ಲಿ ಜ್ವರ ಬಂದು ಸತ್ತರು ಎಂದು. ಮುದುಕಿಯೊಬ್ಬಳು ಆಗಲೇ ಅಳುತ್ತಾ ನನ್ನ ಕಡೆ ಬಂದಳು. ಬಳೆ ಒಡೆಯಲು ನನ್ನನ್ನು ಬಾವಿಕಟ್ಟೆಗೆ ಕರೆದೊಯ್ಯಬೇಕಿತ್ತು.

ಅತ್ತೆ ಬೀಸುವ ಕಲ್ಲಿನ ಮುಂದಿನಿಂದ ಎದ್ದು ಬಂದು ನನಗೂ ಅವಳಿಗೂ ನಡುವೆ ನಿಂತರು. “ಆ ಸಿಪಾಯಿ ಎಲ್ಲವ್ನೆ? ಕರ್ಕೊಂಡು ಬಾ ತಂಬಿ” ಎಂದರು ಚಿಕ್ಕಮಾವನಿಗೆ.

ಅವನು ಬಂದ. ಅತ್ತೆ ಕೇಳಿದ್ದು ಒಂದೇ ಮಾತು: “ನನ್ನ ಮಗ ಸತ್ತಿದ್ದನ್ನ ನೀ ಕಂಡ್ಯಾ?”

“ಇಲ್ಲಮ್ಮ. ನಾನು ಬೇರೆ ಊರಲ್ಲಿ ಕಾವಲಿಗಿದ್ದೆ. ಆಸ್ಪತ್ರೆಯಲ್ಲಿ ಪಕ್ಕದ ಮಂಚದಲ್ಲಿದ್ದವನು ಹೇಳಿದ. ಅವನೂ ಕಾಯಿಲೆಯೆಂದು ಊರಿಗೆ ಬಂದಿದ್ದಾನೆ, ದಿಂಡಿಗಲ್ಲಿನವನು.”

“ಅಂಗಾರೆ ನಾ ದಿಂಡಿಗಲ್ಲಿಗೆ ಹೋಗಿ ಕೇಳ್ಕೊಂಡು ಬತ್ತೀನಿ” ಎಂದರು ಅತ್ತೆ.

ಚಿಕ್ಕಮಾವ ಕೆಟ್ಟವರಲ್ಲ. ಅಣ್ಣನ ಮಗನಿಗೆ ಆಗಬೇಕಾದದ್ದು ತಪ್ಪಬಾರದು ಎಂಬುದೇ ಅವರ ಚಿಂತೆ. “ಸತ್ತವನಿಗೆ ನೀರು ಬಿಡಬೇಕಲ್ಲ ಅತ್ತಿಗೆ? ಅವನ ಆತ್ಮ ಅಲೀಬಾರ್ದಲ್ಲ?” ಎಂದು ಅಳುತ್ತಲೇ ಕೇಳಿದರು.

“ಸತ್ತಿದ್ರೆ ನಾನೇ ಅಳ್ತೀನಿ, ನೀರೂ ಬಿಡಿಸ್ತೀನಿ. ಬಳೆ ಒಡ್ಯೋದು ಏನಂತ ನಂಗೆ ಗೊತ್ತೈತೆ ತಂಬಿ. ಒಡುದ್ಮ್ಯಾಲೆ ಯಾರೂ ಕೂಡಿಸಾಕಾಗಾಕಿಲ್ಲ. ನಾ ಬರೋಗಂಟ ಯಾರೂ ಇವಳ ಕೈ ಮುಟ್ಟಂಗಿಲ್ಲ.” ಆಮೇಲೆ ನನ್ನ ಮುಖ ನೋಡಿ, “ಇಲ್ಲ, ಇವಳ್ನೂ ಕರ್ಕೊಂಡೇ ಹೋಗ್ತೀನಿ” ಎಂದರು.

ಬೋಡಿಯಿಂದ ಏಲಕ್ಕಿ ಹೇರಿಕೊಂಡು ದಿಂಡಿಗಲ್ಲಿನ ರೈಲಿಗೆ ಹೋಗುವ ಗಾಡಿಗಳು ತೇನಿಯಲ್ಲಿ ಸಿಕ್ಕಿದವು. ಮೂಟೆಗಳ ನಡುವೆ ನಮಗೆ ಜಾಗ ಕೊಟ್ಟರು. ದಾರಿಯುದ್ದಕ್ಕೂ ಅತ್ತೆ ಮಗುವಿಗೆ ಎತ್ತುಗಳನ್ನು ತೋರಿಸಿ ಆಡಿಸುತ್ತಿದ್ದರು, ನನಗೆ ಹೊತ್ತುಹೊತ್ತಿಗೆ ತಿನ್ನಿಸುತ್ತಿದ್ದರು, ಹಾಲಿಳಿಯುವ ಮೈ ಎಂದು ಗದರುತ್ತಿದ್ದರು. ಅವರಿಗೆ ಮನಸ್ಸು ಗಟ್ಟಿ, ನನಗೇ ಇಲ್ಲ ಎಂದುಕೊಂಡಿದ್ದೆ. ವತ್ತಲಗುಂಡಿನಲ್ಲಿ ಗಾಡಿ ನಿಂತಾಗ ಕೈಕಾಲು ತೊಳೆದು ಬರುತ್ತೇನೆಂದು ಬಾವಿಯ ಹಿಂದೆ ಹೋದವರು ತಡವಾದರೂ ಬರಲಿಲ್ಲ. ಹೋಗಿ ನೋಡಿದರೆ ಗೋಡೆಗೆ ಹಣೆ ಊರಿ ವಾಂತಿ ಮಾಡುತ್ತಿದ್ದರು. ಹೊಟ್ಟೆಯಲ್ಲಿ ಏನೂ ಇರಲಿಲ್ಲ, ಬರಿಯ ನೀರು. ನನಗೆ ಉಣಿಸಿದವರು ತಾವು ಒಂದು ತುತ್ತೂ ಉಂಡಿರಲಿಲ್ಲ.

“ಅತ್ತೆ, ಅವರು ಇಲ್ಲದಿದ್ದರೆ?” ಎಂದೆ. ಅಲ್ಲಿಯವರೆಗೆ ನಾನು ಆ ಮಾತನ್ನು ಬಾಯಿಬಿಟ್ಟು ಕೇಳಿರಲಿಲ್ಲ.

ಸೆರಗಿನಿಂದ ಬಾಯಿ ಒರೆಸಿಕೊಂಡು, ಮುದ್ದಿನ ಮಗುವನ್ನು ಕರೆಯುವಂತೆ ನನ್ನನ್ನು ‘ಕಣ್ಣು’ ಎಂದು ಕರೆದು, “ಇಲ್ದಿದ್ರೆ ಇಬ್ರೂ ಈ ದಾರೀಲೇ ಅತ್ಕೊಂಡು ಹೋಗಾನ ಕಣ್ಣು” ಎಂದರು. “ನಿನ್ನ ಒಬ್ಳೇ ಅಳಾಕೆ ಬಿಡಾಕಿಲ್ಲ.”

ದಿಂಡಿಗಲ್ಲಿನ ಕೋಟೆ ಬಂಡೆಯ ಕೆಳಗಿನ ಒಂದು ಬೀದಿಯಲ್ಲಿ ಆ ಸಿಪಾಯಿಯ ಮನೆ. ಅವನು ಜಗಲಿಯಲ್ಲಿ ಕಂಬಳಿ ಹೊದ್ದು ಮಲಗಿದ್ದ, ಮೈ ಅರಿಸಿನದಂತೆ ಹಳದಿಯಾಗಿತ್ತು. ಅತ್ತೆ ಮಗನ ಹೆಸರು ಹೇಳಿ ವಿಚಾರಿಸಿದರು. ಗಂಡನ ಹೆಸರನ್ನು ನಾನು ಇಲ್ಲಿ ಹೇಳುವುದಿಲ್ಲ, ಎಂದೂ ಹೇಳಿದವಳಲ್ಲ.

“ಹೌದಮ್ಮ, ಅದೇ ಹೆಸರು” ಎಂದ ಅವನು ತಮಿಳಿನಲ್ಲಿ. “ಬೇರೆ ಕಂಪನಿಯವನು, ನನಗೆ ಮುಖಪರಿಚಯ ಇರಲಿಲ್ಲ. ಹೊತ್ತು ತಂದು ಮಲಗಿಸಿದಾಗಲೇ ಎಚ್ಚರ ಇರಲಿಲ್ಲ. ಬಡಬಡಿಸುತ್ತಿದ್ದ.”

“ಏನಂತ ಬಡಬಡಿಸುತ್ತಿದ್ದ ಅಪ್ಪಾ?”

“ನೀಳ್ಳು, ನೀಳ್ಳು ಅನ್ನುತ್ತಿದ್ದ. ನಾನೇ ಬಾಯಿಗೆ ಬಿಟ್ಟೆ. ಆಮೇಲೆ ಎರ್ರಾ, ಎರ್ರಾ ಅಂತ ಯಾರನ್ನೋ ಕೂಗುತ್ತಿದ್ದ.”

ಅತ್ತೆ ಅವನ ಮಂಚದ ಕಾಲನ್ನು ಹಿಡಿದುಕೊಂಡರು. “ನೀಳ್ಳು ಅಂದನೇ? ನೀರು ಅನ್ನಲಿಲ್ಲವೇ? ನೆನಪು ಮಾಡಿಕೊಂಡು ಹೇಳಪ್ಪಾ.”

“ನೀಳ್ಳು ಅಂತಲೇ. ತೆಲುಗಿನವನಲ್ಲವೇ?”

ಅತ್ತೆ ನನ್ನ ಕಡೆ ತಿರುಗಿ ನಮ್ಮ ಮಾತಿನಲ್ಲಿ ಹೇಳಿದರು: “ಪುಳ್ಳೆ, ಸತ್ತೋನು ನಮ್ಮೋನಲ್ಲ. ನಮ್ಮೋನು ಪೇಟೇಲಿ ತಣ್ಣಿ ಅಂತಾನೆ, ಪಟಾಳದಾಗೆ ಪಾನಿ ಅಂತಿದ್ದಾನು. ಜರ ನೆತ್ತಿಗೇರಿದಾಗ ನೀರವ್ವ ಅಂತಾನೆ. ಎಳೇ ಕೂಸಿಂದ ನಾ ಕೇಳಿವ್ನಿ.”

ಸಿಪಾಯಿ ಮೊಣಕೈಯೂರಿ ಎದ್ದು ಕೂತ. ಆ ಹೆಸರಿನವರು ಪಟಾಳದಲ್ಲಿ ಇಬ್ಬರಿದ್ದರು, ಇನ್ನೊಬ್ಬ ಸಿರುಮಲೈ ಬೆಟ್ಟದ ಕೆಳಗಿನ ತೆಲುಗರ ಹಳ್ಳಿಯವನೆಂದು ಯಾರೋ ಹೇಳಿದ್ದರು ಎಂಬುದು ಅವನಿಗೆ ಆಗ ನೆನಪಾಯಿತು. ನಾನು ಮಗುವನ್ನು ಎದೆಗೆ ಒತ್ತಿಕೊಂಡೆ. ಊರಿಗೆ ಹೋಗುವ ಗಾಡಿ ಯಾವಾಗ ಎಂದು ಕೇಳುವಷ್ಟರಲ್ಲಿ ಅತ್ತೆ ಅವನನ್ನು, “ಆ ಹುಡುಗನ ಮನೆಗೆ ಹೇಳಿದವರು ಯಾರು?” ಎಂದು ಕೇಳುತ್ತಿದ್ದರು.

ಯಾರೂ ಹೇಳಿರಲಿಲ್ಲ.

ಮಾರನೆಯ ಬೆಳಿಗ್ಗೆ ನಾವು ಊರಿನ ಕಡೆ ಹೊರಡಲಿಲ್ಲ, ಸಿರುಮಲೈ ಕಡೆ ನಡೆದೆವು. ಪಟಾಳಕ್ಕೆ ಮಗನನ್ನು ಕಳಿಸಿದ ಮನೆ ಎಂದು ಕೇಳಿದ ಕೂಡಲೇ ಆ ಹಳ್ಳಿಯವರು ತೋರಿಸಿದರು. ಅಂಗಳದಲ್ಲಿ ಒಬ್ಬ ಹೆಂಗಸು ಮೊರದಲ್ಲಿ ಹುರುಳಿ ಆರಿಸುತ್ತಿದ್ದಳು, ಅತ್ತೆಯ ವಯಸ್ಸಿನವಳೇ. ದಾರಿಹೋಕರೆಂದುಕೊಂಡು ಕೂರಿಸಿದಳು. ಸೊಸೆಯನ್ನು ಕರೆದು ಮಜ್ಜಿಗೆ ತರಿಸಿದಳು. ಆ ಸೊಸೆ ನನ್ನ ಓರಗೆಯವಳು. ಕೈತುಂಬ ಹಸಿರು ಬಳೆ. ಯಜಮಾನಿತಿ ನನ್ನ ಮಗುವನ್ನು ಎತ್ತಿಕೊಂಡು, ನನ್ನ ಮಗ ಬಂದ ಮೇಲೆ ನಮ್ಮನೆಗೂ ಒಂದು ಹೀಗೇ ಬರಬೇಕು ಎಂದು ತಮಿಳಿನಲ್ಲಿ ಹೇಳಿ ನಕ್ಕಳು.

ಅತ್ತೆ ಕಿವಿಯ ಹಾಲೆಗಳನ್ನು ಮೇಲಕ್ಕೆ ಸಿಕ್ಕಿಸಿಕೊಂಡು, ಮೊರವನ್ನು ತಮ್ಮ ಕಡೆ ಎಳೆದುಕೊಂಡು ಹುರುಳಿ ಆರಿಸತೊಡಗಿದರು. ನೀಳ್ಳು ಎಂಬ ಒಂದೇ ಮಾತಿನ ಮೇಲೆ ಇನ್ನೊಬ್ಬ ತಾಯಿಯ ಹೊಟ್ಟೆಗೆ ಬೆಂಕಿ ಹಾಕುವುದು ಹೇಗೆ ಎಂದು ಅವರು ಅಳೆಯುತ್ತಿದ್ದಿರಬೇಕು. ಅಷ್ಟರಲ್ಲಿ ಸೊಸೆ ಕೊಟ್ಟಿಗೆಯಿಂದ ಒಂದು ಕೆಂಪು ಎತ್ತನ್ನು ಬಿಚ್ಚಿಕೊಂಡು ಬಂದಳು. ಅದು ಕಲ್ಲುಬಾನಿಯ ಹತ್ತಿರ ನಿಂತು ಮೊಂಡು ಮಾಡಿತು. “ಎರ್ರಾ, ಎರ್ರಾ, ರಾ” ಎಂದು ಅವಳು ಕರೆದಳು.

ಅತ್ತೆಯ ಕೈ ನಿಂತಿತು. ಹುರುಳಿಯನ್ನು ಮೆಲ್ಲಗೆ ಮೊರಕ್ಕೆ ಸುರಿದರು. ಆ ತಾಯಿಯ ಪಕ್ಕಕ್ಕೆ ಸರಿದು, ಮಂಡಿಗೆ ಮಂಡಿ ತಾಗುವಂತೆ ಕುಳಿತು, ಅವಳ ಎರಡೂ ಕೈ ಹಿಡಿದುಕೊಂಡು ಹೇಳಿದರು: “ತಂಗಚ್ಚಿ, ನಿನ್ನ ಮಗನ ಪಕ್ಕದ ಮಂಚದಲ್ಲಿ ಇದ್ದವನನ್ನು ನೋಡಿಕೊಂಡು ಬಂದಿದ್ದೇವೆ. ನಿನ್ನ ಮಗ ನೀರು ಕೇಳಿದಾಗ ಬಾಯಿಗೆ ಬಿಡುವವರು ಇದ್ದರು. ಎತ್ತನ್ನು ಕರೆಯುತ್ತಾ ಹೋದ.”

ಆ ಕೂಗನ್ನು ನಾನು ಬರೆಸಲಾರೆ.

ಅವರ ನೆಂಟರೆಲ್ಲ ಬಂದು ಸೇರುವವರೆಗೆ ನಾವು ಅಲ್ಲೇ ಇದ್ದೆವು. ಅತ್ತೆ ಅವರ ಒಲೆ ಹಚ್ಚಿ ಗಂಜಿ ಕಾಯಿಸಿದರು, ದನಗಳಿಗೆ ಹುಲ್ಲು ಹಾಕಿದರು. ಆ ಹುಡುಗಿಯನ್ನು ಬಾವಿಯ ಕಡೆ ಕರೆದೊಯ್ಯುವಾಗ ಅವಳು ಬಿಗಿಯಾಗಿ ಹಿಡಿದುಕೊಂಡಿದ್ದು ನನ್ನ ಅತ್ತೆಯ ಸೆರಗನ್ನು. ಅತ್ತೆ ಅವಳ ಜೊತೆಗೇ ಹೋದರು. ನಾನು ಮಗುವನ್ನು ಎತ್ತಿಕೊಂಡು ಕೊಟ್ಟಿಗೆಯಲ್ಲಿ ನಿಂತಿದ್ದೆ. ಬಳೆಗಳ ಸದ್ದು ಅಲ್ಲಿಗೂ ಕೇಳಿತು.

ವಾಪಸು ಬರುವ ದಾರಿಯಲ್ಲಿ, ಪೆರಿಯಕುಳಂ ದಾಟಿದ ಮೇಲೆ, ಮಗು ಏನೋ ತೊದಲಿತು, ನನಗೆ ನಗು ಬಂತು. ತಟ್ಟನೆ ಬಾಯಿ ಮುಚ್ಚಿಕೊಂಡೆ. ಅತ್ತೆ ನನ್ನ ಕೈಯನ್ನು ಬಾಯಿಂದ ತೆಗೆದರು. “ನಗು ಕಣ್ಣು. ನಿನ್ನ ಗಂಡ ಅವ್ನೆ, ನೀ ನಗಬೇಕು. ಊರಾಗೆ ಮಾತ್ರ ಸಕ್ಕರೆ ಹಂಚ್ಬ್ಯಾಡ, ದ್ಯಾವ್ರು ನಮ್ಮನ್ನ ಕಾದ ಅಂತಲೂ ಅನ್ಬ್ಯಾಡ. ಅವಳ್ನ ಯಾಕೆ ಕಾಯ್ಲಿಲ್ಲ ಅಂತ ಯಾರಾನಾ ಕೇಳಿದ್ರೆ ನಿಂಗೂ ಗೊತ್ತಿಲ್ಲ, ನಂಗೂ ಗೊತ್ತಿಲ್ಲ.”

ಊರಲ್ಲಿ ಅವರು ಹೇಳಿದ್ದು “ನನ್ನ ಮಗ ಅವ್ನೆ” ಎಂಬ ಒಂದೇ ಮಾತು. ಚಿಕ್ಕಮಾವ ನಮ್ಮ ಜಗಲಿಯ ಮೇಲೆ ಕುಸಿದು ಕುಳಿತು ಮಗುವಿನಂತೆ ಅತ್ತರು.

ನನ್ನ ಗಂಡ ಬಂದದ್ದು ಆ ಅಣೆಕಟ್ಟು ಮುಗಿದು, ಬೆಟ್ಟ ಕೊರೆದು ಕಣಿವೆಗೆ ನೀರು ಬಿಟ್ಟ ಮಾರನೆಯ ವರ್ಷ. ಜೋಳ ಸಜ್ಜೆ ಬೆಳೆಯುತ್ತಿದ್ದ ನಮ್ಮ ಹೊಲವನ್ನು ಅತ್ತೆ ಚಿಕ್ಕಮಾವನ ನೆರವಿನಿಂದ ಗದ್ದೆ ಮಾಡಿಸಿದ್ದರು. ನಾವಿಬ್ಬರೂ ಮೊಣಕಾಲು ಕೆಸರಿನಲ್ಲಿ ನಿಂತು ಕಳೆ ಕೀಳುತ್ತಿದ್ದೆವು. ಬದುವಿನ ಮೇಲೆ ಬಂದ ಸಿಪಾಯಿಯೊಬ್ಬ ಸುತ್ತಲೂ ದಿಕ್ಕೆಟ್ಟವನಂತೆ ನೋಡಿ, “ಇಲ್ಲೊಂದು ಜೋಳದ ಹೊಲ ಇತ್ತಲ್ಲಮ್ಮ, ಅದು ಯಾವ ಕಡೆ?” ಎಂದು ತಮಿಳಿನಲ್ಲಿ ಕೇಳಿದ. ಬಗ್ಗಿದ್ದ ಅತ್ತೆ ತಲೆ ಎತ್ತದೆ, “ಹೊಲ ಗೊತ್ತಾಗ್ಲಿಲ್ಲ, ಸರಿ. ಹೆತ್ತವ್ವನ ಬೆನ್ನೂ ಗೊತ್ತಾಗ್ಲಿಲ್ವೇನ್ಲಾ ಸೋಂಬೇರಿ?” ಎಂದರು. ಆಮೇಲೆ ಆ ಕೆಸರಿನಲ್ಲೇ ಕುಳಿತುಬಿಟ್ಟರು. ಅವರು ಅಳುವುದನ್ನು ನಾನು ಕಂಡದ್ದು ಅವತ್ತು.

ಅವರು ತೀರಿಕೊಂಡದ್ದು ಬಹಳ ವರ್ಷಗಳ ಮೇಲೆ, ಮಾಗಿಯ ಒಂದು ಬಿಸಿಲು ಹೊತ್ತಿನಲ್ಲಿ. ತಲೆಗೆ ಎಣ್ಣೆ ಹಚ್ಚುತ್ತಿದ್ದೆ, ನನ್ನ ತೊಡೆಗೆ ಒರಗಿ ಹಾಗೆಯೇ ಹೋದರು. ಸಾವಿನ ಮನೆಯಲ್ಲಿ ಸೊಸೆಯಾದವಳು ಹಾಡಿ ಅಳಬೇಕು. ನನಗೆ ಹಾಡು ಬರಲಿಲ್ಲ. ಸಿರುಮಲೈ ಕೆಳಗಿನ ಆ ಅಂಗಳದಲ್ಲಿ ನಡೆದದ್ದನ್ನು ಸೇರಿದ್ದವರಿಗೆ ಮೊದಲ ಬಾರಿಗೆ ಹೇಳಿದೆ. ಹಣ್ಣು ಹಣ್ಣಾಗಿದ್ದ ಚಿಕ್ಕಮಾವ ಎಲ್ಲ ಕೇಳಿ, ಯಾರು ಬೇಡವೆಂದರೂ ಬಿಡದೆ, ಎದ್ದು ಬಂದು ಅತ್ತಿಗೆಯ ಚಟ್ಟಕ್ಕೆ ಹೆಗಲು ಕೊಟ್ಟರು.

ಮುಂದೆ ದೊಡ್ಡ ಯುದ್ಧದಲ್ಲಿ ನನ್ನ ಮಗನನ್ನೂ ಹಡಗು ಹತ್ತಿಸಿ ಬಸ್ರಾಕ್ಕೆ ಕಳಿಸಿದರು. ಮನೆಯಲ್ಲಿ ಹೆಂಗಸರೆಂದು ಉಳಿದವರು ನಾನು, ನನ್ನ ಸೊಸೆ. ಅವಳಿಗೆ ಉಣಿಸಿದೆ, ದಿನವೂ ಹೂ ಮುಡಿಸಿದೆ, ಮಗನನ್ನು ಬಾಯಿತುಂಬ ಬೈದೆ. ಅವನು ಬಂದ. ಇಂಥ ಅತ್ತೆ ಯಾರಿಗೆ ಸಿಗುತ್ತಾರೆ ಎಂದು ನನ್ನ ಸೊಸೆ, ಎಂದರೆ ಈಗ ಬರೆದುಕೊಳ್ಳುತ್ತಿರುವ ಇವಳ ಅಮ್ಮ, ಇವತ್ತಿಗೂ ಬಂದವರ ಮುಂದೆಲ್ಲ ಹೇಳುತ್ತಾಳೆ. ಇವಳೂ ಒಂದು ದಿನ ಯಾರಿಗೋ ಅತ್ತೆಯಾಗುವವಳು. ಆ ಹೊಗಳಿಕೆ ಯಾರಿಗೆ ಸೇರಬೇಕೋ ಅವರ ಸುದ್ದಿ ಇವಳಿಗೂ ತಿಳಿದಿರಲಿ ಎಂದು ಇಷ್ಟನ್ನು ಹೇಳಿ ಬರೆಸಿದೆ.