ಕೀನ್ಯಾದ ಎಸ್ತರಮ್ಮ

ಚರ್ಚಿನ ತಂಡದ ಜೊತೆ ಕೀನ್ಯಾದಲ್ಲಿ ಒಂದು ತಿಂಗಳು ಸುವಾರ್ತೆ ಸಾರಿ ಬಂದ ಹಾರೋಹಳ್ಳಿಯ ಎಸ್ತರಮ್ಮ, ಬಸ್ಸಿನಲ್ಲಿ ಪಕ್ಕ ಕೂತವರ ಹತ್ತಿರವೂ ‘ನಮ್ ಕೀನ್ಯಾದಲ್ಲಿ’ ಎಂದೇ ಮಾತು ಶುರು ಮಾಡುತ್ತಾಳೆ. ಅಲ್ಲಿನವರು ಮುಸುಕಿನ ಜೋಳದ ಮುದ್ದೆಯನ್ನು ಅಗಿಯುವುದು ಕಂಡು, ಬೈಬಲ್ಲು ಪಕ್ಕಕ್ಕಿಟ್ಟು, ‘ಅಗೀಬ್ಯಾಡ್ರವ್ವ, ನುಂಗಿ’ ಎಂದು ಕಲಿಸಲು ಹೋಗಿ ಊರಿಗೇ ಬಿಕ್ಕಳಿಕೆ ಹತ್ತಿಸಿದವಳು. ‘ದೇವ್ರ ವಾಕ್ಯ ಹೇಳಕ್ಕೋಗಿದ್ದೇನಮ್ಮಿ, ಮುದ್ದೆ ನುಂಗ್ಸಕ್ಕೋ?’ ಎಂದು ಪಕ್ಕದ ಮನೆ ಕೆಂಚಮ್ಮ ಕಿಚಾಯಿಸಿದರೆ, ‘ಎಲ್ಡೂ ಗಂಟ್ಲಲ್ಲಿ ಇಳೀಬೇಕು ಕಣಮ್ಮಿ’ ಎನ್ನುತ್ತಾಳೆ. ಇಂಥ ಬಾಯಾಳಿ, ಭಾನುವಾರ ಚರ್ಚಿನಲ್ಲಿ ಪಾಸ್ಟರು, ಅಲ್ಲಿ ದೇವರು ಮಾಡಿದ್ದಕ್ಕೆ ಸಾಕ್ಷಿ ಹೇಳಲು ಕರೆದರೆ ಮಾತ್ರ ಮೇಲೇಳುವುದಿಲ್ಲ. ಕೀನ್ಯಾದಲ್ಲೊಬ್ಬ ತಾಯಿ ಮಗುವನ್ನು ಮಣ್ಣು ಮಾಡಿ, ಅನ್ನನೀರು ಬಿಟ್ಟು ಕೂತಿದ್ದಳು. ತಾನೂ ಮಗಳನ್ನು ಕಳೆದುಕೊಂಡವಳಲ್ಲವೇ, ಸ್ವರ್ಗದ ಮಾತು ಹೇಳಲಿ ಎಂದು ತಂಡದವರು ಎಸ್ತರಮ್ಮನನ್ನೇ ಕಳಿಸಿದ್ದರು. ಒಂದು ಮಾತೂ ಹೊರಡಲಿಲ್ಲ. ಸುಮ್ಮನೆ ಪಕ್ಕದಲ್ಲಿ ಕೂತಳು. ಆ ತಾಯಿ ಮೊದಲ ತುತ್ತು ಎತ್ತುವವರೆಗೆ ತಾನೂ ಉಣ್ಣಲಿಲ್ಲ.