ಒಂದೇ ಹಣ್ಣಿನ ಮಕ್ಕಳು

ಬೆಳಗು ಇನ್ನೂ ಕಣ್ಣುಜ್ಜಿಕೊಳ್ಳುತ್ತಿದೆ. ಬಿಳಿ ಬಲೆ ಹೊದಿಸಿದ ಬೀಜ ಕಂಪನಿಯ ತೋಟದೊಳಗೆ, ಟೊಮೇಟೊ ಸಾಲುಗಳ ನಡುವೆ ಆಕೆ ಬಗ್ಗಿ ನಿಂತಿದ್ದಾರೆ. ನಿನ್ನೆ ಸಂಜೆಯೇ ಮೊಗ್ಗು ಬಿಡಿಸಿ, ಒಳಗಿನ ಹಳದಿ ಕೇಸರಗಳನ್ನು ಚಿಮುಟದಿಂದ ಕಿತ್ತಿದ್ದಾರೆ. ಈಗ ಇನ್ನೊಂದು ತಳಿಯ ಪರಾಗವನ್ನು ಬೆರಳ ತುದಿಗೆ ಅಂಟಿಸಿಕೊಂಡು ಹೂವಿನ ನಡುವಿನ ಎಳೆಗೆ ಸವರುತ್ತಾರೆ. ಹೂವಿನಡಿಯ ಹಸಿರು ಎಸಳುಗಳಲ್ಲಿ ಎರಡನ್ನು ಚಿವುಟುತ್ತಾರೆ. ಮದುವೆ ಮುಗಿಯಿತು ಎಂಬ ಗುರುತು ಅದು.

"ದಿನಕ್ಕೆ ಏಳೆಂಟು ನೂರು ಮದುವೆ ಮಾಡಿಸ್ತೀನಿ. ಒಬ್ಬರೂ ಊಟಕ್ಕೆ ಕರೆದಿಲ್ಲ ನೋಡಿ!"

ನಗು ಅಲ್ಲಿಗೇ ನಿಲ್ಲುತ್ತದೆ. ತಾಯಿ ಬೇಗ ಹೋದ ಮೇಲೆ ಈಕೆಯ ತಲೆ ಬಾಚಿ, ಬೈದು ಬೆಳೆಸಿದ್ದು ಅಕ್ಕ. ಆ ಅಕ್ಕ ಮಾತು ಬಿಟ್ಟು ಎರಡು ವರ್ಷವಾಗಿದೆ.

ಅಕ್ಕನದು ಹಿತ್ತಿಲ ತರಕಾರಿ ವ್ಯಾಪಾರ. ಇಲ್ಲಿ ತಯಾರಾದ ಮಿಶ್ರತಳಿಯ ಬೀಜವನ್ನು ತೋಟದವರು ಒಂದು ಮಡಿಯಲ್ಲಿ ಬೆಳೆಸಿ ನೋಡಿದಾಗ, ಎಲ್ಲ ಹಣ್ಣೂ ಅಚ್ಚಿನಲ್ಲಿ ಎರಕ ಹೊಯ್ದಂತೆ ಬಂದಿದ್ದವು. ಕೆಲಸದವರಿಗೂ ತಿನ್ನಲು ಕೊಟ್ಟರು. ಈಕೆ ತಿನ್ನಲಿಲ್ಲ. ಆ ಹಣ್ಣಿನೊಳಗಿನ ಬೀಜ ಒಣಗಿಸಿ ಅಕ್ಕನಿಗೆ ಒಯ್ದರು. "ಕಂಪನಿ ಬೀಜ ಮುಟ್ಟಿದ್ರೆ ಕಳ್ಳತನ. ತಿನ್ನೋಕೆ ಕೊಟ್ಟ ಹಣ್ಣು ನನ್ನದೇ ಅಲ್ವಾ?" ಎಂದು ನನ್ನನ್ನು ಕೇಳುತ್ತಾರೆ.

ಅಕ್ಕ ತಾನು ವರ್ಷವರ್ಷ ಎತ್ತಿಡುತ್ತಿದ್ದ ಹಳೆಯ ಬೀಜ ಬಿಟ್ಟು, ಹಿತ್ತಿಲ ತುಂಬ ಇದನ್ನೇ ಹಾಕಿದರು. ಒಂದು ಗಿಡದಲ್ಲಿ ಗೋಲಿಯಷ್ಟು ಹಣ್ಣು, ಇನ್ನೊಂದರಲ್ಲಿ ಬಾಯಿಬಿಟ್ಟದ್ದು, ಮತ್ತೊಂದು ಬಿಳಿಚಿಕೊಂಡದ್ದು.

"ಒಂದೇ ಹಣ್ಣಿನ ಮಕ್ಕಳು ಅಂದ್ಯಲ್ಲೇ, ಒಂದರ ಮುಖ ಇನ್ನೊಂದಕ್ಕಿಲ್ಲ! ಕಸ ಗುಡಿಸಿ ತಂದ್ಯಾ ನನಗೆ?" ಅದಾದ ಮೇಲೆ ಅಕ್ಕ ಮಾತಾಡಿದ್ದು ಒಂದೇ ಸಲ.

ಕಾರಣ ತಿಳಿಸಿದ್ದು ತೋಟದ ಮೇಡಂ. ಎರಡು ತಳಿ ಕೂಡಿಸಿದಾಗ ಮೊದಲ ತಲೆಮಾರು ಒಂದೇ ಥರ ಕಾಣುತ್ತದೆ. ಅದರ ಬೀಜ ಬಿತ್ತಿದರೆ ಒಳಗೆ ಅಡಗಿದ್ದ ಗುಣಗಳು ಒಂದೊಂದು ಗಿಡದಲ್ಲಿ ಒಂದೊಂದು ಥರ ಹೊರಬೀಳುತ್ತವೆ. ನನ್ನಜ್ಜಿಯ ಕಥೆಗಳಲ್ಲಿ ಶಾಪವೊಂದು ಮಗನನ್ನು ಬಿಟ್ಟು ಮೊಮ್ಮಗನ ತೊಟ್ಟಿಲಿಗೆ ಇಳಿಯುತ್ತಿತ್ತು. ಈ ಹಸಿರು ಸಾಲುಗಳ ನಡುವೆ ನಿಂತರೆ, ಅಜ್ಜಿ ಸುಳ್ಳು ಹೇಳಿರಲಿಲ್ಲ ಅನ್ನಿಸುತ್ತದೆ.

"ಕಂಪನಿ ಬೀಜಾನೇ ಕದ್ದು ಕೊಟ್ಟಿದ್ರೆ ಎಲ್ಲ ಒಂದೇ ಥರ ಬರ್ತಿತ್ತಂತೆ. ನಿಯತ್ತಾಗಿದ್ದು ಅಕ್ಕನ್ನ ಕಳ್ಕೊಂಡೆ," ಎನ್ನುತ್ತಾರೆ.

ಮೇಡಂ ಹೇಳಿದ್ದನ್ನು ವಿವರಿಸಲು ಈಕೆ ಒಮ್ಮೆ ಅಕ್ಕನ ಮನೆಗೆ ಹೋಗಿದ್ದರು. ಅಕ್ಕ ಅರ್ಧ ಬಾಗಿಲಲ್ಲೇ ತಡೆದರು: "ಪಾಠ ಬೇಡ. ನನಗೆ ಕೊಡೋ ಮುಂಚೆ ನೀನು ಒಂದೇ ಒಂದು ಗಿಡ ಹಾಕಿ ನೋಡಿದ್ಯಾ?"

"ನೋಡಿರ್ಲಿಲ್ಲ," ಎಂದು ಈಗ ನನ್ನೆದುರು ಒಪ್ಪುತ್ತಾರೆ. "ಅವತ್ತು ಅಲ್ಲಿ ಒಪ್ಪಿಕೊಳ್ಳದೆ ಹಾಗೇ ತಿರುಗಿ ಬಂದೆ."

ಮತ್ತೆ ಹೋಗುತ್ತೀರಾ ಎಂದು ಕೇಳುತ್ತೇನೆ. ಇನ್ನೊಂದು ಹೂವಿನ ಎಸಳು ಚಿವುಟಿ, ಸೊಂಟ ನೆಟ್ಟಗೆ ಮಾಡಿಕೊಳ್ಳುತ್ತಾರೆ.

"ಹೋಗ್ತೀನಿ. ಮೇಡಂ ಮಾತು ಒಯ್ಯಲ್ಲ. ತಪ್ಪು ನನ್ನದೇ ಅಕ್ಕ, ಅಂತೀನಿ. 'ಹೊಸ್ತಿಲಲ್ಲಿ ಏನು ನಿಂತಿದ್ದೀಯೆ ಮಂಗ, ಒಳಗೆ ಬಾ' ಅಂತ ಒಂದ್ಸಲ ಬೈದ್ರೆ ಸಾಕು."