ಕೈ ಸುಟ್ಟಿದ್ದು ಮನೆಯಲ್ಲಲ್ಲ

ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಇಸ್ತ್ರಿ ಅಕ್ಕ ಎಂದೇ ಕರೆಯುತ್ತಿದ್ದರು. ಕಾಲರ್ ಒತ್ತುವ ಬಿಸಿ ಯಂತ್ರ ಅವಳದು. ಎರಡೂ ಕೈಯಿಂದ ಎರಡು ಗುಂಡಿ ಒತ್ತಿದರೆ ಮಾತ್ರ ಅದರ ಬಾಯಿ ಮುಚ್ಚಬೇಕು. ಕೈ ಒಳಗೆ ಉಳಿಯಬಾರದೆಂದೇ ಆ ಏರ್ಪಾಡು. ಕೆಲಸ ಬೇಗ ಸಾಗಲೆಂದು ಸೂಪರ್‌ವೈಸರ್ ಒಂದು ಗುಂಡಿಗೆ ಬಟ್ಟೆ ಚೂರು ತುರುಕಿಸಿ, ಅದು ಸದಾ ಒತ್ತಿಕೊಂಡೇ ಇರುವಂತೆ ಮಾಡಿದ್ದ. ಒಂದು ದಿನ ಯಂತ್ರ ಕಾಲರಿನ ಜೊತೆ ಅವಳ ಎಡಗೈಯನ್ನೂ ಒತ್ತಿತು.

ಆಸ್ಪತ್ರೆಯ ಬಾಗಿಲವರೆಗೂ ಸೂಪರ್‌ವೈಸರ್ ಬಂದ. “ಮನೇಲಿ ಸುಟ್ಕೊಂಡೆ ಅನ್ನಕ್ಕ. ಫ್ಯಾಕ್ಟರಿ ಅಂದ್ರೆ ವರದಿ ಹೋಗುತ್ತೆ, ಇನ್‌ಸ್ಪೆಕ್ಟರ್ ಬರ್ತಾರೆ, ನಿನ್ನ ಜೊತೆ ಇಡೀ ಲೈನಿನ ಕೆಲಸದವರು ಬೀದಿಗೆ ಬೀಳ್ತಾರೆ.”

ಅವಳು ಹಾಗೆಯೇ ಅಂದಳು.

ನರ್ಸಮ್ಮ ಗಾಯ ನೋಡಿದರು. ಗೆರೆ ಎಳೆದಂಥ ಅಂಚು.

“ಗಂಡ ಬರೆ ಹಾಕಿದನಾ?”

ಇಲ್ಲ ಎಂದರೆ ‘ಮತ್ತೆ ಹೇಗಾಯ್ತು’ ಅನ್ನುತ್ತಾರೆ. ಅವಳು ಬಾಯಿ ಬಿಡಲಿಲ್ಲ.

ಅಷ್ಟರಲ್ಲಿ ಕ್ಷೌರದಂಗಡಿ ಮುಚ್ಚಿ ಗಂಡ ಓಡಿ ಬಂದ. ಪಡಸಾಲೆಯಲ್ಲಿ ಕೂತ ರೋಗಿಗಳೆಲ್ಲರ ಎದುರು ನರ್ಸಮ್ಮ ತರಾಟೆಗೆ ತಗೊಂಡರು: “ಬಂದ್ಯಾ ಮಹಾರಾಯ? ಹೆಂಡ್ತಿ ಅಂದ್ರೆ ಇಸ್ತ್ರಿ ಮಾಡೋ ಅಂಗಿ ಅನ್ಕೊಂಡ್ಯಾ?”

ಅವನು ಹೆಂಡತಿಯ ಮುಖ ನೋಡಿದ. ಅವಳು ಗೋಡೆ ನೋಡಿದಳು. ಅವನಿಗೆ ಅರ್ಥವಾಯಿತು, ನುಂಗಿಕೊಂಡ. ಯಂತ್ರ ಮಾಡಿದ್ದು ಗಂಡನ ತಲೆಗೆ ಬಂತು.

ಸುದ್ದಿ ಬೀದಿ ಸುತ್ತಿತು. “ಕತ್ತಿ ಮೆಲ್ಲಗೆ ಆಡ್ಸಪ್ಪಾ, ನಾನು ನಿನ್ನ ಹೆಂಡ್ತಿ ಅಲ್ಲ” ಎಂದು ಗಿರಾಕಿಗಳು ನಕ್ಕರು. ಆಮೇಲೆ ಬರುವುದನ್ನೇ ಬಿಟ್ಟರು. ಅವನು ಮನೆಗೆ ಬಂದು, ಕಟ್ಟು ಬಿದ್ದ ಕೈಯವಳಿಗೆ ಜಡೆ ಹೆಣೆಯುತ್ತಿದ್ದ. “ಇರ್ಲಿ ಬಿಡು, ಕೆಲಸ ಉಳೀಲಿ” ಅನ್ನುತ್ತಿದ್ದ. ಅವಳಿಗೆ ತಲೆ ಎತ್ತುವುದಕ್ಕೂ ನಾಚಿಕೆ.

ಒಂದು ಬೆಳಗ್ಗೆ ಅವಳ ಅಣ್ಣ ಬಂದ. ಬಾಗಿಲಲ್ಲೇ ತಂಗಿಯ ಗಂಡನ ಕೊರಳಪಟ್ಟಿ ಹಿಡಿದ.

“ನನ್ನ ತಂಗಿ ಮೈ ಸುಡ್ತೀಯೇನೋ?”

ಗಂಡ ಕೈ ಇಳಿಬಿಟ್ಟು ನಿಂತ. ಅಕ್ಕಪಕ್ಕದವರು ಹೊರಗೆ ಬಂದು ನೋಡಿದರು. ಅಣ್ಣನ ಅಂಗೈ ಮೇಲೇಳುತ್ತಿದ್ದಾಗ ಅವಳು ಕಿರುಚಿದಳು: “ಬಿಡೋ ಅಣ್ಣಾ! ಅವರಲ್ಲ, ಫ್ಯಾಕ್ಟರಿ ಮೆಷಿನ್ನು! ನಾನೇ ಸುಳ್ಳು ಹೇಳಿದ್ದು!”

ಅಣ್ಣ ಕೈ ಬಿಟ್ಟ. “ಥೂ, ಮೊದಲೇ ಬೊಗಳೋಕೇನಾಗಿತ್ತು ನಿನಗೆ?” ಅಂದವನಿಗೆ ತಂಗಿಯ ಗಂಡನ ಮುಖ ನೋಡಲಾಗಲಿಲ್ಲ.

ಆವತ್ತೇ ಆಸ್ಪತ್ರೆಗೆ ಹೋದಳು. ಗಂಡ ಗೇಟಿನ ಹೊರಗೇ ನಿಂತ. ಅದೇ ಪಡಸಾಲೆಯಲ್ಲಿ, ಎಲ್ಲರಿಗೂ ಕೇಳುವಂತೆ, ಗಾಯ ಎಲ್ಲಿ ಹೇಗಾಯಿತೆಂದು ಹೇಳಿದಳು. ವೈದ್ಯರು ಬರೆದದ್ದನ್ನು ತಿದ್ದಿದರು. ಮುಂದೆ ವರದಿಯೂ ಹೋಯಿತು, ಇನ್‌ಸ್ಪೆಕ್ಟರೂ ಬಂದರು. ಲೈನೇನೂ ಬೀದಿಗೆ ಬೀಳಲಿಲ್ಲ.

“ಅಯ್ಯೋ, ಅವರನ್ನ ಕರೀಮ್ಮ, ಕ್ಷಮೆ ಕೇಳ್ಕೋತೀನಿ” ಅಂದರು ಆವತ್ತು ಅಲ್ಲೇ ಇದ್ದ ನರ್ಸಮ್ಮ.

ಕರೆದಳು. ಅವನು ಬರಲಿಲ್ಲ.

ಮನೆಯ ಕಡೆ ನಡೆಯುವಾಗ ಅವಳು ಅಂದಳು, “ಅವತ್ತೇ ನಾನು ‘ಇವರಲ್ಲ’ ಅನ್ನಬೇಕಿತ್ತು ರೀ.”

“ಅನ್ನಬೇಕಿತ್ತು” ಅಂದ ಅವನು.